ವಾಷಿಂಗ್ ಮಷಿನ್ ಪಕ್ಕದ ಲಿಟರ್ ಬಾಕ್ಸ್

‘ಯಾರ ಕಣ್ಣಿಗೂ ಬೀಳದ ಜಾಗದಲ್ಲೇ ಇಟ್ಟಿದ್ದೀವಲ್ಲ, ಇನ್ನೇನು ಬೇಕಂತೆ ಅದಕ್ಕೆ?’

ಬೆಕ್ಕಿನ ಲಿಟರ್ ಬಾಕ್ಸ್ (ಅದರ ಉಚ್ಚೆ, ಹೇಲಿಗೆಂದು ಮರಳಿನಂಥ ಪುಡಿ ತುಂಬಿಟ್ಟ ತೊಟ್ಟಿ) ಬಗ್ಗೆ ಈ ವಾರ ಪರಿಚಯದವರ ಮನೆಯಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಬೆಕ್ಕು ಮೂರು ದಿನದಿಂದ ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತಿತ್ತು. ಡಾಕ್ಟರ ಹತ್ತಿರ ತೋರಿಸಿ, ಮೂತ್ರ ಪರೀಕ್ಷೆಯೂ ಆಗಿತ್ತು, ಕಾಯಿಲೆ ಏನಿಲ್ಲ. ಮೊದಲು ಮಾಡಬೇಕಾದ ಕೆಲಸ ಅದೇ. ಅದರಲ್ಲೂ ಗಂಡು ಬೆಕ್ಕು ಮತ್ತೆಮತ್ತೆ ಕೂತು ತಿಣುಕಿದರೂ ಹನಿ ಬರದಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಒಂದೆರಡು ದಿನದಲ್ಲಿ ಜೀವವೇ ಹೋಗುವ ಸ್ಥಿತಿ ಅದು. ಆಗ ಬಾಕ್ಸಿನ ಜಾಗದ ಬಗ್ಗೆ ಯೋಚಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಇಲ್ಲಿ ಬಾಕ್ಸ್ ಇದ್ದದ್ದು ಬಟ್ಟೆ ಒಗೆಯುವ ಕೋಣೆಯ ಕೊನೆಯಲ್ಲಿ, ವಾಷಿಂಗ್ ಮಷಿನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ. ಮಾತು ನಡೆಯುತ್ತಿರುವಾಗಲೇ ಬೆಕ್ಕು ಅಲ್ಲಿಗೆ ಹೋಯಿತು. ಮುಂಗಾಲೆರಡನ್ನೂ ಬಾಕ್ಸಿನೊಳಗಿಟ್ಟು ಮೂಸಿತು. ಮಷಿನ್ ಸ್ಪಿನ್ನಿಗೆ ತಿರುಗಿ ಗಡಗಡ ಅಂದದ್ದೇ ತಡ, ಕಿವಿ ಹಿಂದಕ್ಕೆ ಮಡಚಿ, ತಿರುಗಲೂ ಜಾಗವಿಲ್ಲದೆ ಹಿಮ್ಮುಖವಾಗಿ ಹೊರಬಂದು ಮಲಗುವ ಕೋಣೆಗೆ ಓಡಿತು.

‘ನೋಡಿ, ಹಠ’ ಅಂದರು. ಒಳ್ಳೆಯ ಜನ, ಬೆಕ್ಕನ್ನು ಮಗುವಿನ ಹಾಗೆ ಸಾಕಿದವರು. ಆದರೂ ಆ ಮಾತು ಒಪ್ಪುವಂಥದ್ದಲ್ಲ. ಹಠವಿದ್ದಿದ್ದರೆ ಮುಂಗಾಲು ಒಳಗೆ ಹೋಗುತ್ತಲೇ ಇರಲಿಲ್ಲ.

ಬೆಕ್ಕು ಬೇಟೆಯಾಡುವ ಪ್ರಾಣಿ ನಿಜ, ಆದರೆ ತನಗಿಂತ ದೊಡ್ಡ ಪ್ರಾಣಿಗೆ ತಾನೇ ಬೇಟೆ ಆಗಬಲ್ಲದು. ಕುಕ್ಕರುಗಾಲಲ್ಲಿ ಕೂತ ಆ ಅರ್ಧ ನಿಮಿಷ ಅದಕ್ಕೆ ತೀರಾ ಅಪಾಯದ ಹೊತ್ತು. ಯಾರು ಬರುತ್ತಿದ್ದಾರೆ ಅಂತ ಕಾಣಬೇಕು, ಓಡಲು ಕನಿಷ್ಠ ಎರಡು ದಾರಿ ಇರಬೇಕು. ಹಾಗಾಗಿ ಬಾಕ್ಸಿನ ಒಂದು ಬದಿ ಗೋಡೆಗೆ ತಾಗಿರಲಿ, ಉಳಿದ ಬದಿ ತೆರೆದಿರಲಿ, ಅಲ್ಲಿಂದ ಬಾಗಿಲು ಕಾಣಲಿ. ಜಾಗ ಆರಿಸುವಾಗ ನೆಲದ ಮೇಲೆ ಕೂತು, ತಲೆಯನ್ನು ಬೆಕ್ಕಿನ ಎತ್ತರಕ್ಕೆ ಬಗ್ಗಿಸಿ ಸುತ್ತ ನೋಡಿ. ನಿಂತು ನೋಡಿದಾಗ ಕಾಣದ ಎಷ್ಟೋ ಅಡ್ಡಿ ಕಾಣುತ್ತವೆ: ಎದುರಿಗೆ ನಿಲ್ಲಿಸಿದ ಬಕೆಟ್, ಮುಖಕ್ಕೆ ತಾಗುವ ಪರದೆ, ಗಾಳಿಗೆ ದಢಾರನೆ ಮುಚ್ಚಿಕೊಳ್ಳುವ ಬಾಗಿಲು. ಬಾಗಿಲಿಗೆ ಸ್ಟಾಪರ್ ಹಾಕಿ. ಒಮ್ಮೆ ಒಳಗೆ ಸಿಕ್ಕಿಹಾಕಿಕೊಂಡ ಬೆಕ್ಕು ಆ ಕೋಣೆಗೆ ಮತ್ತೆ ಕಾಲಿಡಲು ಹಿಂಜರಿಯುತ್ತದೆ.

ಊಟ, ನೀರಿನ ಬಟ್ಟಲಿನ ಪಕ್ಕ ಬಾಕ್ಸ್ ಬೇಡ; ಉಣ್ಣುವಲ್ಲಿ ಬೆಕ್ಕು ಹೊಲಸು ಮಾಡುವುದಿಲ್ಲ. ಮಹಡಿ ಮನೆಯಾದರೆ ಅಂತಸ್ತಿಗೊಂದು ಇರಲಿ. ವಯಸ್ಸಾದ, ಕೀಲುನೋವಿನ ಬೆಕ್ಕು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ತಡೆಯಲಾರದು. ಅದರ ಬಾಕ್ಸಿನ ಒಂದು ಬದಿ ತಗ್ಗಾಗಿರಬೇಕು.

ಬೆಕ್ಕುಗಳ ಸಂಖ್ಯೆಗಿಂತ ಒಂದು ಬಾಕ್ಸ್ ಹೆಚ್ಚಿರಲಿ. ಎರಡು ಬೆಕ್ಕಿದ್ದರೆ ಮೂರು. ಮೂರನ್ನೂ ಸಾಲಾಗಿ ಒಂದೇ ಕಡೆ ಜೋಡಿಸಿದರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಜೋರಿನ ಬೆಕ್ಕು ಓಣಿಯಂಥ ದಾರಿಯಲ್ಲಿ ಸುಮ್ಮನೆ ಮಲಗಿದರೂ ಸಾಕು, ಮೆತ್ತನೆಯದಕ್ಕೆ ಮೂರೂ ಕೈತಪ್ಪುತ್ತವೆ. ಜಗಳ ನಡೆಯುವುದೇ ಇಲ್ಲ, ಆದ್ದರಿಂದ ಮನೆಯವರಿಗೆ ಗೊತ್ತೂ ಆಗುವುದಿಲ್ಲ.

‘ಬಾಕ್ಸನ್ನು ನಡುಮನೆಯಲ್ಲಿಟ್ಟರೆ ವಾಸನೆ ಬರಲ್ವಾ?’ ಅಂತ ಕೇಳಿದರು. ದಿನಕ್ಕೆರಡು ಸಲ ಉಚ್ಚೆಯಿಂದ ಕಟ್ಟಿದ ಗಂಟುಗಳನ್ನು ಸೌಟಿನಿಂದ ತೆಗೆದರೆ ಹೆಚ್ಚು ಬರುವುದಿಲ್ಲ. ಲಿಟರ್, ಅಂದರೆ ಆ ಪುಡಿ, 5ರಿಂದ 7 ಸೆಂಟಿಮೀಟರ್ ಆಳವಿರಲಿ. ತೆಳುವಾದರೆ ಉಚ್ಚೆ ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ನಾತ ಹುಟ್ಟುವುದು ಅಲ್ಲಿಂದ. ಬಾಕ್ಸಿನ ಉದ್ದ, ಮೂಗಿನಿಂದ ಬಾಲದ ಬುಡದವರೆಗಿನ ಬೆಕ್ಕಿನ ಉದ್ದದ ಒಂದೂವರೆ ಪಟ್ಟಾದರೂ ಬೇಕು. ಬೀರುವಿನೊಳಗೆ ಅಡಗಿಸಿದರೆ ನಮ್ಮ ಮೂಗಿಗೆ ನೆಮ್ಮದಿ, ಆದರೆ ಉಚ್ಚೆಯಿಂದ ಏಳುವ ಅಮೋನಿಯಾದ ಘಾಟು ಒಳಗೇ ಕಟ್ಟಿಕೊಂಡು ನಮಗಿಂತ ಎಷ್ಟೋ ಸೂಕ್ಷ್ಮವಾದ ಅದರ ಮೂಗಿಗೆ ಹೊಡೆಯುತ್ತದೆ.

‘ಯಾರ ಕಣ್ಣಿಗೂ ಬೀಳದ ಜಾಗ.’ ಅಂದರೆ ಬಂದುಹೋಗುವ ನೆಂಟರ ಕಣ್ಣಿಗೆ. ಮನೆಯಲ್ಲಿ ಬಾಯಿಲ್ಲದವರ, ಮುದುಕರ, ಕೂಸುಗಳ ಜಾಗಗಳನ್ನೂ ನಾವು ಹೀಗೇ ಗೊತ್ತುಮಾಡುತ್ತೇವೆ. ಅಲ್ಲಿ ಕೂರುವವರನ್ನು ಕೇಳುವುದಿಲ್ಲ. ಸರಿಹೋಗದಿದ್ದಾಗ ಹಠ ಅನ್ನುತ್ತೇವೆ.

ಸದ್ಯ ಆ ಮನೆಯಲ್ಲಿ ಹೊಸ ಬಾಕ್ಸ್ ಮಲಗುವ ಕೋಣೆಯ ಗೋಡೆ ಪಕ್ಕ ಬಂದಿದೆ, ಬೆಕ್ಕು ತಾನೇ ಆರಿಸಿಕೊಂಡ ಹಾಸಿಗೆಗೆ ಹತ್ತಿರದಲ್ಲಿ. ಹಾಸಿಗೆಗೆ ಫಿನೈಲ್ ಹಾಕಬೇಡಿ ಅಂತ ಹೇಳಿದ್ದಾಯಿತು. ಅದರಲ್ಲಿರುವ ಫೀನಾಲಿನಂಥ ರಾಸಾಯನಿಕ ಬೆಕ್ಕಿಗೆ ವಿಷ. ಕಿಣ್ವ (ಎಂಜೈಮ್) ಇರುವ ಕ್ಲೀನರಿನಿಂದ ತೊಳೆದರೆ ಮಾತ್ರ ಹಳೆಯ ವಾಸನೆ ಬುಡಸಮೇತ ಹೋಗುತ್ತದೆ. ಒಂದೆರಡು ವಾರ ಅಲ್ಲೇ ರೂಢಿಯಾದ ಮೇಲೆ, ಬೇಕಿದ್ದರೆ ದಿನಕ್ಕೊಂದು ಗೇಣಿನಷ್ಟು ಸರಿಸುತ್ತ ನಡುಮನೆಯ ಗೋಡೆಯ ಕಡೆಗೆ ಒಯ್ಯಬಹುದು. ಮಷಿನ್ ಪಕ್ಕದ್ದನ್ನು ಅಲ್ಲಿಯವರೆಗೆ ತೆಗೆಯಬಾರದು.