ಸರಪಳಿ ಕ್ವೆರಿಗೆ ಮಾಕ್ ಬರೆಯುವಾಗ

ಡೇಟಾಬೇಸ್ ಕ್ವೆರಿಯನ್ನು ಮೆಥಡ್‌ಗೆ ಮೆಥಡ್ ಪೋಣಿಸಿ ಬರೆಯುವ ಕ್ರಮ ಓದುವುದಕ್ಕೆ ಎಷ್ಟು ಸಲೀಸೋ, ಯೂನಿಟ್ ಟೆಸ್ಟ್ (ಕೋಡಿನ ಒಂದು ತುಣುಕನ್ನಷ್ಟೇ ಬೇರ್ಪಡಿಸಿ ನೋಡುವ ಪರೀಕ್ಷೆ) ಬರೆಯಲು ಕುಳಿತಾಗ ಅಷ್ಟೇ ತಲೆನೋವು. ಪುಣೆಯ ಹಿಂಜವಡಿಯಲ್ಲಿ ನಮ್ಮ ತಂಡ ನೋಡಿಕೊಳ್ಳುವ ಬಿಲ್ಲಿಂಗ್ ವ್ಯವಸ್ಥೆ, ಮಾಂಗೋಡಿಬಿ ಡೇಟಾಬೇಸ್ ಜೊತೆ ವ್ಯವಹರಿಸಲು ಮಂಗೂಸ್ ಲೈಬ್ರರಿಯನ್ನೂ ಟೆಸ್ಟ್ ಬರೆಯಲು ಜೆಸ್ಟ್ ಅನ್ನೂ ಬಳಸುತ್ತದೆ. ಟೆಸ್ಟ್ ನಡೆಯುವಾಗ ಅಸಲಿ ವಸ್ತುವಿನ ಜಾಗದಲ್ಲಿ ನಿಲ್ಲಿಸುವ ನಕಲಿಗೆ ಮಾಕ್ ಎನ್ನುತ್ತಾರೆ. ಸೊಲ್ಲಾಪುರದ ಕಡೆಯ ಕಿರಿಯ ಸಹೋದ್ಯೋಗಿಯೊಬ್ಬರು, ಕಚೇರಿಯ ಮರಾಠಿ, ಹಿಂದಿಗಳ ನಡುವೆಯೂ ನನ್ನೊಡನೆ ಕನ್ನಡದಲ್ಲೇ ಮಾತನಾಡುವವರು, “ಸರ್, ಫೈಂಡ್, ಸಾರ್ಟ್, ಲಿಮಿಟ್, ಲೀನ್ ಅಂತ ನಾಲ್ಕು ಅದಾವು, ನಾಲ್ಕಕ್ಕೂ ಒಂದರೊಳಗೊಂದು ಮಾಕ್ ಬರೀಬೇಕೇನ್ರಿ?” ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಒಂದರೊಳಗೊಂದು ಬರೆಯುವ ಅಗತ್ಯವಿಲ್ಲ. ಫೈಂಡ್ ಹುಡುಕುತ್ತದೆ, ಸಾರ್ಟ್ ವಿಂಗಡಿಸುತ್ತದೆ, ಲಿಮಿಟ್ ಮಿತಿ ಹಾಕುತ್ತದೆ, ಲೀನ್ ದಾಖಲೆಗಳನ್ನು ಸಾದಾ ಆಬ್ಜೆಕ್ಟ್ ಆಗಿ ಕೊಡಿಸುತ್ತದೆ. ಮಂಗೂಸ್‌ನಲ್ಲಿ ಈ ಮೆಥಡ್‌ಗಳೆಲ್ಲ ಅದೇ ಕ್ವೆರಿ ಆಬ್ಜೆಕ್ಟನ್ನು ಹಿಂತಿರುಗಿಸುವುದರಿಂದ, ಸಾರ್ಟ್, ಲಿಮಿಟ್, ಲೀನ್‌ಗಳಿಗೆ ಜೆಸ್ಟ್‌ನ ಮಾಕ್‌ರಿಟರ್ನ್‌ದಿಸ್ (ಕರೆದಾಗ ಅದೇ ಮಾಕನ್ನು ಮರಳಿಸುವಂಥದ್ದು) ಹಾಕಿ, ಕ್ವೆರಿಯನ್ನು ನಡೆಸುವ ಕೊನೆಯ ಎಕ್ಸೆಕ್‌ಗೆ ಮಾತ್ರ ಮಾಕ್‌ರಿಸಾಲ್ವ್ಡ್‌ವ್ಯಾಲ್ಯೂ ಮೂಲಕ ಮಾದರಿ ದಾಖಲೆಗಳನ್ನು ಕೊಟ್ಟರೆ ಸಾಕು. ಆದರೆ ಎಡವುವ ಜಾಗವೊಂದಿದೆ. ನಿಜವಾದ ಕ್ವೆರಿಗೆ ಥೆನ್ ಎಂಬ ಮೆಥಡ್ ಇರುವ ಕಾರಣ, ಎಕ್ಸೆಕ್ ಕರೆಯದೆ ನೇರವಾಗಿ ಅವೇಟ್ (ಉತ್ತರ ಬರುವವರೆಗೆ ಕೋಡನ್ನು ಕಾಯಿಸುವ ಪದ) ಹಾಕಿದರೂ ದಾಖಲೆಗಳು ಬರುತ್ತವೆ. ಮಾಕ್‌ಗೆ ಥೆನ್ ಇಲ್ಲ. ಅವೇಟ್ ಆ ಮಾಕನ್ನೇ ತಂದು ಕೈಗಿಡುತ್ತದೆ. ಅದರ ಲೆಂಗ್ತ್ ಅನ್‌ಡಿಫೈನ್ಡ್ ಆಗಿರುವುದರಿಂದ ‘ಲೆಂಗ್ತ್ ಸೊನ್ನೆಯೇ’ ಎಂಬ ತಪಾಸಣೆಯನ್ನು ಕೋಡ್ ಸಲೀಸಾಗಿ ದಾಟಿ, ಮುಂದೆಲ್ಲೋ ‘ಮ್ಯಾಪ್ ಎಂಬುದು ಫಂಕ್ಷನ್ ಅಲ್ಲ’ ಎಂಬ ದೂರಿನೊಂದಿಗೆ ಬೀಳುತ್ತದೆ. ಎಕ್ಸೆಕ್ ಇಲ್ಲದ ಕಡೆ ಸರಪಳಿಯ ಕೊನೆಯ ಮೆಥಡ್‌ಗೇ ಆ ದಾಖಲೆಗಳನ್ನು ಕೊಡಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಆ ಟೆಸ್ಟ್ ಏನನ್ನು ಖಚಿತಪಡಿಸಿತು ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. ಬಾಕಿ ಬಿಲ್ಲುಗಳಲ್ಲಿ ಅತ್ಯಂತ ಹಳೆಯ 10ನ್ನು ತರುವ ಕ್ವೆರಿ ಎಂದಿಟ್ಟುಕೊಳ್ಳೋಣ. ಯಾರೋ ಸಾರ್ಟ್‌ನ 1ನ್ನು (ಏರಿಕೆ ಕ್ರಮ) -1 (ಇಳಿಕೆ ಕ್ರಮ) ಮಾಡಿದರೆ ಗ್ರಾಹಕರಿಗೆ ಹೊಸ ಬಿಲ್ಲುಗಳು ಕಾಣಿಸುತ್ತವೆ, ಆದರೆ ಮಾಕ್ ಕೊಡುವುದು ಅದೇ ದಾಖಲೆಗಳನ್ನಾದ್ದರಿಂದ ಟೆಸ್ಟ್ ಪಾಸಾಗುತ್ತದೆ. ಇನ್ನು ಒಂದರೊಳಗೊಂದು ಹೆಣೆದ ಮಾಕ್‌ಗಳಿದ್ದಾಗ ಲಿಮಿಟನ್ನು ಸಾರ್ಟ್‌ಗಿಂತ ಮೊದಲು ಬರೆದು ನೋಡಿ: ಮಾಂಗೋಡಿಬಿ ಎರಡೂ ಸಂದರ್ಭಗಳಲ್ಲಿ ಮೊದಲು ವಿಂಗಡಿಸಿ ಆಮೇಲೆಯೇ ಮಿತಿ ಹಾಕುವುದರಿಂದ ಫಲಿತಾಂಶ ಒಂದೇ, ಆದರೆ ಟೆಸ್ಟ್ ಮುರಿದು ಬೀಳುತ್ತದೆ. ತಪ್ಪಾದಾಗ ಸುಮ್ಮನಿದ್ದು ಸರಿಯಿದ್ದಾಗ ಕೂಗುವ ಟೆಸ್ಟನ್ನು ತಂಡ ಬೇಗ ನಂಬುವುದನ್ನು ಬಿಡುತ್ತದೆ.

ಇದು ಜೆಸ್ಟ್ ಒಂದರ ಕತೆಯಲ್ಲ. ಪೈಥಾನ್ 3.3ರಿಂದ ಭಾಷೆಯ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಮಾಕ್‌ನಲ್ಲಿ, ಸ್ಪೆಕ್ (ಯಾವ ಮೆಥಡ್ ಹೆಸರುಗಳು ಸಲ್ಲುತ್ತವೆ ಎಂಬ ಮಾದರಿ) ಕೊಡದ ಮ್ಯಾಜಿಕ್‌ಮಾಕ್ ‘ಫಿಲ್ಟರ್’ ಎಂಬ ಮೆಥಡ್ ಹೆಸರಿನ ಕಾಗುಣಿತ ತಪ್ಪಿದರೂ ಒಪ್ಪಿಕೊಂಡು ಸರಪಳಿಯನ್ನು ಮುಂದುವರಿಸುತ್ತದೆ. ಜಾವಾದ ಮಾಕಿಟೋದಲ್ಲಿ ಇಡೀ ಸರಪಳಿಯನ್ನು ಒಮ್ಮೆಗೇ ಮಾಕ್ ಮಾಡಲೆಂದೇ ಡೀಪ್ ಸ್ಟಬ್ಸ್ ಸೌಲಭ್ಯವಿದ್ದರೂ, ಅಚ್ಚುಕಟ್ಟಾದ ಕೋಡಿಗೆ ಅದರ ಅಗತ್ಯ ಅಪರೂಪವೆಂದು ಮಾಕಿಟೋದ ಕೈಪಿಡಿಯೇ ಎಚ್ಚರಿಸುತ್ತದೆ.

ಆದ್ದರಿಂದ ನಾನು ಸೂಚಿಸುವುದು ಇಷ್ಟು: ಇಡೀ ಸರಪಳಿಯನ್ನು ‘ಹಳೆಯ ಬಾಕಿ ಬಿಲ್ಲು ತಾ’ ಎಂಬಂಥ ಒಂದು ಫಂಕ್ಷನ್ ಒಳಗಿಟ್ಟು, ದಂಡ ಲೆಕ್ಕ ಹಾಕುವ ಕೋಡಿನ ಟೆಸ್ಟ್‌ಗಳಲ್ಲಿ ಆ ಫಂಕ್ಷನ್ ಒಂದನ್ನೇ ಮಾಕ್ ಮಾಡಬೇಕು. ಆ ಫಂಕ್ಷನ್ನಿನ ಪರೀಕ್ಷೆ ಮಾತ್ರ ನಿಜವಾದ ಡೇಟಾಬೇಸ್ ಎದುರಿಗೇ ಆಗಬೇಕು; ಮಾಂಗೋಡಿಬಿ ಮೆಮೊರಿ ಸರ್ವರ್ ಅಸಲಿ ಮಾಂಗೋಡಿಯನ್ನೇ (ಮಾಂಗೋಡಿಬಿಯ ಸರ್ವರ್ ಪ್ರೋಗ್ರಾಂ) ತಾತ್ಕಾಲಿಕವಾಗಿ ಎಬ್ಬಿಸಿ ಕೊಡುತ್ತದೆ. ದಿನಾಂಕಗಳನ್ನು ಹಿಂದುಮುಂದು ಮಾಡಿ 11 ಬಾಕಿ ಬಿಲ್ಲು, ಜೊತೆಗೆ ಎಲ್ಲಕ್ಕಿಂತ ಹಳೆಯದಾದ ಒಂದು ಪಾವತಿಯಾದ ಬಿಲ್ಲು ಸೇರಿಸಿದರೆ ಷರತ್ತು, ವಿಂಗಡಣೆ, ಮಿತಿ ಮೂರೂ ಒಂದೇ ಟೆಸ್ಟ್‌ನಲ್ಲಿ ಪರೀಕ್ಷೆಗೊಳಗಾಗುತ್ತವೆ. ಸಂಪರ್ಕ ಕಡಿದಾಗ ಕೋಡ್ ಹೇಗೆ ವರ್ತಿಸುತ್ತದೆಂದು ನೋಡಲು ಮಾತ್ರ ಮಾಕ್‌ರಿಜೆಕ್ಟೆಡ್‌ವ್ಯಾಲ್ಯೂ (ಉತ್ತರದ ಬದಲು ದೋಷ ಕೊಡುವ ಮಾಕ್) ಬಳಸುವುದೇ ಮೇಲು.

ಸದ್ಯಕ್ಕೆ ಬಿಡಿಸಲಾಗದ ಹಳೆಯ ಫೈಲುಗಳಲ್ಲಿ ಸರಪಳಿ ಮಾಕ್‌ಗಳು ಉಳಿದಿವೆ. ಅಂಥಲ್ಲಿ ಫೈಂಡ್, ಸಾರ್ಟ್, ಲಿಮಿಟ್‌ಗಳು ಯಾವ ಆರ್ಗ್ಯುಮೆಂಟ್‌ಗಳೊಂದಿಗೆ ಕರೆಯಲ್ಪಟ್ಟವು ಎಂಬುದನ್ನಾದರೂ ಟು‌ಹ್ಯಾವ್‌ಬೀನ್‌ಕಾಲ್ಡ್‌ವಿತ್ ಹಾಕಿ ತಾಳೆ ನೋಡದ ಟೆಸ್ಟನ್ನು ರಿವ್ಯೂನಲ್ಲಿ ನಾನು ಒಪ್ಪುವುದಿಲ್ಲ.