ಕತ್ತರಿಸದ ಚೂರಿ

14 ಅಕ್ಟೋಬರ್ 2023, ಶನಿವಾರ
ಬ್ರಿಸ್ಟಲ್, ರಾತ್ರಿ 10:30

ಇಂದು ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಫೋನ್ ಮಾಡಿದಾಗ ಅಮ್ಮ, "ಅಮಾವಾಸ್ಯೆ ದಿನವೇ ದೂರದ ಪ್ರಯಾಣ ಬೇಕಿತ್ತಾ?" ಎಂದು ಕೇಳಿದರು. ಸಮುದ್ರ ನೋಡಲು ಹೋಗುತ್ತಿದ್ದೇನೆ ಎಂದಷ್ಟೇ ಹೇಳಿದೆ. ಸುಳ್ಳಲ್ಲ, ನಾವು ಹೋದ ಕಾರ್ನ್‌ವಾಲ್ ಕರಾವಳಿಯ ಪುಟ್ಟ ಊರು ಬಾಸ್‌ಕ್ಯಾಸಲ್‌ನಲ್ಲಿ ಸಮುದ್ರವೂ ಇದೆ. ಆದರೆ ನಾವು ಹೊರಟಿದ್ದು ಅಲ್ಲಿನ ಬಂದರಿನ ಪಕ್ಕದಲ್ಲಿರುವ ಮಾಟ ಮತ್ತು ಮಂತ್ರವಿದ್ಯೆಯ ವಸ್ತುಸಂಗ್ರಹಾಲಯವನ್ನು ನೋಡಲು. ಕರೆದುಕೊಂಡು ಹೋದವರು ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ, ಇಪ್ಪತ್ತು ವರ್ಷಗಳಿಂದ ವಿಕ್ಕಾ ಎಂಬ, ಮಾಟವಿದ್ಯೆಯನ್ನೇ ಪೂಜಾಪದ್ಧತಿಯಾಗಿಸಿಕೊಂಡ ಆಧುನಿಕ ಧರ್ಮವನ್ನು ಆಚರಿಸುತ್ತ ಬಂದಿರುವ ಸಹೋದ್ಯೋಗಿ.

ಇದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬ ಪದದ ತೊಡಕೊಂದಿದೆ. ನಮ್ಮ ಪತ್ರಿಕೆಗಳಲ್ಲಿ ವಾಮಾಚಾರವೆಂದರೆ ನಾಲ್ಕು ದಾರಿ ಕೂಡುವಲ್ಲಿ ಬಿದ್ದಿರುವ ಕುಂಕುಮ ಹಚ್ಚಿದ ನಿಂಬೆಹಣ್ಣು, ಒಡೆದ ಬೂದುಗುಂಬಳ, ಕೊನೆಗೆ ಪೊಲೀಸ್ ಠಾಣೆ. ಆ ಪದವನ್ನು ತಂದು, ಹುಣ್ಣಿಮೆಗೊಮ್ಮೆ ಗೆಳತಿಯರೊಡನೆ ಹಿತ್ತಿಲಲ್ಲಿ ಮೇಣದಬತ್ತಿ ಹಚ್ಚಿ ದೇವಿಯನ್ನೂ ಕೊಂಬುಳ್ಳ ದೇವನನ್ನೂ ಆಹ್ವಾನಿಸುವ ಈ ಮಹಿಳೆಗೆ ಅಂಟಿಸುವುದು ನ್ಯಾಯವಲ್ಲ. ಆದ್ದರಿಂದ ವಿಕ್ಕಾ ಎಂಬ ಹೆಸರನ್ನೇ ಉಳಿಸಿಕೊಳ್ಳುತ್ತೇನೆ.

ಈ ಸಂಗ್ರಹಾಲಯದ ಕಥೆಯೂ ಆ ಧರ್ಮದ ಕಥೆಯೂ ಹೆಣೆದುಕೊಂಡಿವೆ. ಸೆಸಿಲ್ ವಿಲಿಯಮ್‌ಸನ್ ಎಂಬುವರು ಇದನ್ನು ಮೊದಲು ತೆರೆದದ್ದು 1951ರಲ್ಲಿ, ಐಲ್ ಆಫ್ ಮ್ಯಾನ್ ದ್ವೀಪದ ಕ್ಯಾಸಲ್‌ಟೌನ್‌ನಲ್ಲಿ. ಮಾಟದ ಶಕ್ತಿಯಿದೆಯೆಂದು ಹೇಳಿಕೊಳ್ಳುವುದನ್ನೇ ಅಪರಾಧವಾಗಿಸಿದ್ದ 1735ರ ಕಾನೂನನ್ನು ಬ್ರಿಟಿಷ್ ಸಂಸತ್ತು ರದ್ದುಪಡಿಸಿದ್ದೂ ಅದೇ ವರ್ಷ. ಅಲ್ಲಿ 'ನಿವಾಸಿ ಮಾಟಗಾರ'ರಾಗಿ ಬಂದು ನೆಲೆಸಿದ, ಮುಂದೆ ಆ ಕಟ್ಟಡವನ್ನೇ ಕೊಂಡುಕೊಂಡ ಜೆರಾಲ್ಡ್ ಗಾರ್ಡ್ನರ್ ಅವರೇ ವಿಕ್ಕಾವನ್ನು ಲೋಕದ ಮುಂದಿಟ್ಟವರು. ವಿಲಿಯಮ್‌ಸನ್ ತಮ್ಮ ವಸ್ತುಗಳನ್ನು ಹೊತ್ತು ಊರೂರು ಅಲೆದು 1960ರಲ್ಲಿ ಬಾಸ್‌ಕ್ಯಾಸಲ್ ಸೇರಿದರು. 2004ರ ಆಗಸ್ಟ್ 16ರಂದು ಊರಿನ ಪುಟ್ಟ ಹೊಳೆ ಉಕ್ಕಿ ಕಾರುಗಳನ್ನು ಸಮುದ್ರಕ್ಕೆ ನೂಕಿದಾಗ ಸಂಗ್ರಹಾಲಯಕ್ಕೂ ನೀರು ನುಗ್ಗಿತ್ತು. ಊರಿನಲ್ಲಿ ಒಂದು ಜೀವವೂ ಹೋಗಲಿಲ್ಲವೆಂಬುದು ಮಾತ್ರ ಅಚ್ಚರಿ.

ಪೊರಕೆ ಮತ್ತು ಮೂರು ಕಾಲಿನ ಕಬ್ಬಿಣದ ಹಂಡೆ ಮೊದಲು ಕಣ್ಣಿಗೆ ಬೀಳುತ್ತವೆಂದು ಎಣಿಸಿದ್ದೆ. ಸಹೋದ್ಯೋಗಿ ನಕ್ಕು, ಗಾರ್ಡ್ನರ್ ಅವರ ದೀಕ್ಷಾವಿಧಿಯಲ್ಲಿ ಹೊಸಬರ ಕೈಗೆ ಕೊಡುವ ಎಂಟು ಸಾಧನಗಳಲ್ಲಿ ಅವೆರಡೂ ಇಲ್ಲವೆಂದರು. ಖಡ್ಗ, ಕಪ್ಪು ಹಿಡಿಯ ಚೂರಿ, ಬಿಳಿ ಹಿಡಿಯ ಚೂರಿ, ಮಂತ್ರದಂಡ, ಐದು ಮೂಲೆಯ ನಕ್ಷತ್ರ ಕೆತ್ತಿದ ತಟ್ಟೆ, ಧೂಪದ ಪಾತ್ರೆ, ಚಾಟಿ, ಹುರಿ: ಇಷ್ಟೇ. ಪ್ರತಿಯೊಂದು ಪೂಜೆಯಲ್ಲಿಯೂ ದ್ರಾಕ್ಷಾರಸ ತುಂಬಿಡುವ ಬಟ್ಟಲು ಸಹ ಆ ಪಟ್ಟಿಯಲ್ಲಿಲ್ಲ. ದಂಡದ ಅಳತೆ ಕೇಳಿ ನನಗೆ ಖುಷಿಯಾಯಿತು. ಅದು ಹಿಡಿಯುವವರ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಇರಬೇಕಂತೆ, ಅಂದರೆ ಹೂವಾಡಗಿತ್ತಿ ಅಳೆದು ಕೊಡುವ ನಮ್ಮ ಮೊಳವೇ.

ನಾನು ಬಹಳ ಹೊತ್ತು ನಿಂತದ್ದು ಕಪ್ಪು ಹಿಡಿಯ ಚೂರಿಗಳ ಮುಂದೆ. ಇದಕ್ಕೆ ಅಥಾಮೆ ಎಂದು ಹೆಸರು. ಇಬ್ಬದಿಯಲ್ಲೂ ಅಲಗು, ಹಿಡಿಯ ಮೇಲೆ ಕೆತ್ತಿದ ಚಿಹ್ನೆಗಳು, ಆದರೆ ಇದರಿಂದ ಏನನ್ನೂ ಕತ್ತರಿಸುವಂತಿಲ್ಲ. ಪೂಜೆ ನಡೆಯುವ ಒಂಬತ್ತು ಅಡಿ ವ್ಯಾಸದ ವೃತ್ತವನ್ನು ಗಾಳಿಯಲ್ಲಿ ಗೀರುವುದು, ದಿಕ್ಕುಗಳ ಅಧಿದೇವತೆಗಳನ್ನು ಕರೆಯುವುದು, ಉಪ್ಪನ್ನೂ ನೀರನ್ನೂ ಶುದ್ಧಗೊಳಿಸುವುದು, ಕೊನೆಗೆ ಬಟ್ಟಲಿನ ದ್ರಾಕ್ಷಾರಸಕ್ಕೆ ಮೊನೆಯನ್ನು ಇಳಿಸುವುದು, ಇವೇ ಅದರ ಕೆಲಸ. ಹುರಿಯನ್ನು ತುಂಡರಿಸಬೇಕಾದರೆ, ಮೇಣದಬತ್ತಿಯ ಮೇಲೆ ಅಕ್ಷರ ಕೊರೆಯಬೇಕಾದರೆ ಬಿಳಿ ಹಿಡಿಯ ಚೂರಿಯನ್ನು ತೆಗೆದುಕೊಳ್ಳಬೇಕು. ನನ್ನ ಸಹೋದ್ಯೋಗಿ ತಮ್ಮ ಅಥಾಮೆಯನ್ನು ಬೇಕೆಂದೇ ಸಾಣೆ ಹಿಡಿಸಿಲ್ಲ. ಇಕ್ಕಟ್ಟಾದ ವೃತ್ತದಲ್ಲಿ ಕತ್ತಲೆಯಲ್ಲಿ ಹತ್ತು ಜನ ತಿರುಗುವಾಗ ಮೊಂಡು ಚೂರಿಯೇ ಕ್ಷೇಮ ಎಂಬುದು ಅವರ ಅನುಭವದ ಮಾತು.

ಇನ್ನು ಒಂಬತ್ತು ದಿನಕ್ಕೆ ಊರಿನಲ್ಲಿ ಆಯುಧಪೂಜೆ. ವರ್ಷವಿಡೀ ದುಡಿದ ಕುಡುಗೋಲಿಗೆ, ಕತ್ತರಿಗೆ, ಲೇತ್ ಯಂತ್ರಕ್ಕೆ ಆ ಒಂದು ದಿನ ಅರಿಸಿನ ಕುಂಕುಮ ಹಚ್ಚಿ ಬಿಡುವು ಕೊಡುತ್ತೇವೆ. ದುಡಿಮೆಯೇ ಅದಕ್ಕೆ ಪೂಜೆಯ ಅರ್ಹತೆ. ಅಥಾಮೆಯ ಲೆಕ್ಕ ತಿರುವುಮುರುವು: ಒಂದೇ ಒಂದು ಸೊಪ್ಪಿನ ದಂಟನ್ನೂ ಹೆಚ್ಚದಿರುವುದರಿಂದಲೇ ಅದು ಅಥಾಮೆ. ಬೆಳಿಗ್ಗೆಯಿಂದ ನನ್ನನ್ನು ಕಾಡುತ್ತಿರುವುದು ಇದೇ ವಿಚಾರ.

ಈ ಚೂರಿ ಎಲ್ಲಿಂದ ಬಂತು ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ತಾನು 1939ರಲ್ಲಿ ನ್ಯೂ ಫಾರೆಸ್ಟ್ ಪ್ರದೇಶದ ಗುಪ್ತ ಗುಂಪೊಂದರಲ್ಲಿ ದೀಕ್ಷೆ ಪಡೆದೆನೆಂದೂ ಈ ಸಾಧನಗಳು ಕ್ರೈಸ್ತಪೂರ್ವ ಕಾಲದ ಪರಂಪರೆಯಿಂದ ಉಳಿದು ಬಂದವೆಂದೂ ಗಾರ್ಡ್ನರ್ ಹೇಳುತ್ತಿದ್ದರು. ಆದರೆ ಕಪ್ಪು ಹಿಡಿ ಮತ್ತು ಬಿಳಿ ಹಿಡಿಯ ಜೋಡಿ ಚೂರಿಗಳು 'ಸೊಲೊಮನ್ನನ ಕೀಲಿಕೈ' ಎಂಬ ಹಳೆಯ ಮಂತ್ರಗ್ರಂಥದಲ್ಲಿ ಸ್ಪಷ್ಟವಾಗಿಯೇ ಇವೆ. ಮಂತ್ರವಿದ್ಯೆಯಲ್ಲಿ ಪಳಗಿದ್ದ ಮ್ಯಾಥರ್ಸ್ ಎಂಬ ಇಂಗ್ಲಿಷರು ಅದನ್ನು ಹಸ್ತಪ್ರತಿಗಳಿಂದ ಸಂಪಾದಿಸಿ 1889ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಲ್ಲಿನ ವಿಧಿಯಂತೆ ವೃತ್ತ ಬರೆಯುವ ಕಪ್ಪು ಹಿಡಿಯ ಚೂರಿಯನ್ನು ಶನಿವಾರ, ಶನಿಯ ಹೋರೆಯಲ್ಲಿ ತಯಾರಿಸಿ ಕರಿಬೆಕ್ಕಿನ ರಕ್ತದಲ್ಲಿಯೂ ಹೆಮ್ಲಾಕ್ ಎಂಬ ವಿಷಗಿಡದ ರಸದಲ್ಲಿಯೂ ಅದ್ದಬೇಕು. ಶನಿಯ ಹೋರೆ ಎಂದಾಗ ಪಂಚಾಂಗ ನೋಡುವ ಮನೆಯಲ್ಲಿ ಬೆಳೆದ ನನ್ನ ಕಿವಿ ನೆಟ್ಟಗಾಯಿತು. ವಿಕ್ಕಾದವರು ರಕ್ತವನ್ನೂ ವಿಷವನ್ನೂ ಬಿಟ್ಟು, ಉಪ್ಪುನೀರು ಮತ್ತು ಧೂಪದಿಂದ ಶುದ್ಧಿ ಮಾಡುತ್ತಾರೆ. ಪ್ರಾಣಿಹಿಂಸೆ ಅವರಿಗೆ ನಿಷಿದ್ಧ.

ಉಳಿದದ್ದು ಗೋಲ್ಡನ್ ಡಾನ್ ಎಂಬ ಗುಪ್ತ ಮಂತ್ರವಿದ್ಯಾ ಸಂಘದ ಕೊಡುಗೆ. 1888ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಆ ಸಂಘದ ಸ್ಥಾಪಕರಲ್ಲಿ ಇದೇ ಮ್ಯಾಥರ್ಸ್ ಒಬ್ಬರು. ದಂಡಕ್ಕೆ ಬೆಂಕಿ, ಬಟ್ಟಲಿಗೆ ನೀರು, ಚೂರಿಗೆ ಗಾಳಿ, ತಟ್ಟೆಗೆ ಭೂಮಿ ಎಂದು ಅವರು ಹಂಚಿದ್ದರು. ವಿಕ್ಕಾದವರಲ್ಲಿ ಇದರ ಬಗ್ಗೆ ಇಂದಿಗೂ ಜಗಳವಿದೆ: ಕುಲುಮೆಯಲ್ಲಿ ಹುಟ್ಟಿದ ಚೂರಿ ಬೆಂಕಿಯದಾಗದೆ ಗಾಳಿಯದು ಹೇಗಾದೀತು ಎಂದು ಒಂದು ಪಕ್ಷ ಕೇಳುತ್ತದೆ. ನನ್ನ ಸಹೋದ್ಯೋಗಿ ಆ ಪಕ್ಷದವರು, ನನಗೂ ಅದೇ ಸರಿಯೆನಿಸುತ್ತದೆ. ದಿಕ್ಕುಗಳ ವಿಚಾರವೂ ಹೀಗೆಯೇ. ಇಲ್ಲಿ ಸೂರ್ಯ ದಕ್ಷಿಣದಲ್ಲಿ ಏರಿ ಸಾಗುವುದರಿಂದ ಬೆಂಕಿಗೆ ದಕ್ಷಿಣ, ವೃತ್ತಕ್ಕೆ ಪ್ರದಕ್ಷಿಣೆ. ಆಸ್ಟ್ರೇಲಿಯಾದ ಅನೇಕರು ಬೆಂಕಿಯನ್ನು ಉತ್ತರಕ್ಕೆ ಸಾಗಿಸಿ ಅಪ್ರದಕ್ಷಿಣೆಯಾಗಿ ವೃತ್ತ ಹಾಕುತ್ತಾರಂತೆ, ಏಕೆಂದರೆ ಅಲ್ಲಿ ಸೂರ್ಯನ ದಾರಿಯೇ ಹಾಗಿದೆ.

ಇಷ್ಟಾದರೂ ಎಂಟು ಸಾಧನಗಳ ನಡುವೆ ಈ ಚೂರಿಗೇ ಅಗ್ರಸ್ಥಾನ ಏಕೆ? ಗಾರ್ಡ್ನರ್ ಅವರ ಪೂರ್ವಾಶ್ರಮದಲ್ಲಿ ಉತ್ತರವಿದೆಯೆಂದು ನನ್ನ ಊಹೆ. ಸಿಲೋನ್ ಮತ್ತು ಬೋರ್ನಿಯೊಗಳ ತೋಟಗಳಲ್ಲಿ ದುಡಿದು, ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದ ಅವರು ಅಲ್ಲಿನ ಕೆರಿಸ್ ಎಂಬ ಅಂಕುಡೊಂಕಿನ ಬಾಕುವನ್ನು ಹುಚ್ಚಿನಂತೆ ಸಂಗ್ರಹಿಸಿದರು, 1936ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು. ಕೆರಿಸ್‌ನೊಳಗೆ ಒಂದು ಚೈತನ್ಯ ವಾಸಿಸುತ್ತದೆ, ಅದು ಒಡೆಯನೊಡನೆ ಹೊಂದಬೇಕು ಎಂಬ ನಂಬಿಕೆಯನ್ನು ವರ್ಷಗಟ್ಟಲೆ ಕೇಳಿದ ಮನುಷ್ಯ, ಧರ್ಮವೊಂದನ್ನು ಕಟ್ಟುವಾಗ ಪ್ರತಿಯೊಬ್ಬರ ಕೈಗೂ ಸ್ವಂತದ್ದೊಂದು ಚೂರಿಯನ್ನು ಕೊಟ್ಟದ್ದು ಆಕಸ್ಮಿಕವಾಗಿರಲಾರದು.

ಪರಂಪರೆ ಅಷ್ಟು ಪುರಾತನವಲ್ಲವೆಂದು ತಿಳಿದಾಗ ಬೇಸರವಾಗಲಿಲ್ಲವೇ ಎಂದು ಕೇಳಿದೆ. ತಮ್ಮ ಚೂರಿ ಅಜ್ಜನ ಕಾಗದ ಬಿಡಿಸುವ ಅಲಗೆಂದೂ, ಮರದ ಹಿಡಿಗೆ ತಾವೇ ಕಪ್ಪು ಬಣ್ಣ ಬಳಿದು ಮೂರು ಸಂಜೆ ಕುಳಿತು ಚಿಹ್ನೆ ಕೆತ್ತಿದ್ದೆಂದೂ, ತಮಗೆ ಅಷ್ಟು ಹಳೆಯದಾಗಿದ್ದರೆ ಸಾಕೆಂದೂ ಅವರು ಹೇಳಿದರು.

ಆ ಚೂರಿ ಇಂದು ನಮ್ಮ ಜೊತೆಯಲ್ಲೇ ಇತ್ತು. ರಾತ್ರಿ ಅಮಾವಾಸ್ಯೆಯ ವೃತ್ತಕ್ಕೆ ಗೆಳತಿಯ ತೋಟಕ್ಕೆ ನೇರವಾಗಿ ಹೋಗಬೇಕಿದ್ದರಿಂದ ಎರಡೂ ಚೂರಿಗಳನ್ನು ಕರಿಬಟ್ಟೆಯಲ್ಲಿ ಸುತ್ತಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕಾರಿನ ಡಿಕ್ಕಿಯಲ್ಲಿರಿಸಿದ್ದರು. ಸಾರ್ವಜನಿಕ ಸ್ಥಳದಲ್ಲಿ ಚೂರಿ ಇಟ್ಟುಕೊಳ್ಳುವುದು ಈ ದೇಶದಲ್ಲಿ ಅಪರಾಧ. 1988ರ ಕಾನೂನಿನಲ್ಲಿ ಧಾರ್ಮಿಕ ಕಾರಣಕ್ಕೆ ವಿನಾಯಿತಿ ಇದ್ದರೂ, ರಸ್ತೆಬದಿಯಲ್ಲಿ ನಿಂತು ಪೊಲೀಸರಿಗೆ ಅಥಾಮೆಯ ತತ್ತ್ವವನ್ನು ವಿವರಿಸುವ ಉತ್ಸಾಹ ಅವರಿಗಿರಲಿಲ್ಲ.

ಮಧ್ಯಾಹ್ನ ಬಂದರಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದೆವು. ನನ್ನದು ಚಪಾತಿ ಪಲ್ಯ, ಅವರದು ತಮ್ಮ ಮರದ ಸೇಬು. ಡಿಕ್ಕಿಯಲ್ಲಿ ಎರಡು ಚೂರಿಗಳಿದ್ದರೂ, ಒಂದು ಏನನ್ನೂ ಕತ್ತರಿಸುವಂತಿಲ್ಲ, ಇನ್ನೊಂದು ವೃತ್ತದ ಹೊರಗೆ ಕತ್ತರಿಸುವಂತಿಲ್ಲ. ಅವರು ಎದ್ದು ಎದುರಿನ ಹೋಟೆಲಿಗೆ ಹೋಗಿ ಬೆಣ್ಣೆ ಸವರುವ ಚೂರಿಯೊಂದನ್ನು ಬೇಡಿ ತಂದರು. ಸೇಬನ್ನು ನಾವು ಮಾಡುವಂತೆ ತೊಟ್ಟಿನಿಂದ ಕೆಳಕ್ಕೆ ಸೀಳದೆ ಅಡ್ಡಲಾಗಿ, ಆ ಮೊಂಡು ಅಲಗಿನಿಂದ ಹೆಣಗಾಡಿ ಕೊಯ್ದು, ಅರ್ಧವನ್ನು ನನ್ನ ಅಂಗೈಯಲ್ಲಿಟ್ಟರು. ನಡುವೆ ಬೀಜಗಳ ಗೂಡು ಐದು ಮೂಲೆಯ ನಕ್ಷತ್ರವಾಗಿ ತೆರೆದುಕೊಂಡಿತ್ತು.