ಪೊಟರೆ ಇದೆ ಅಂತ ಕಡಿಸಬೇಡಿ, ಮೊದಲು ಬುಡ ನೋಡಿಸಿ

ನಮ್ಮ ಧಾರವಾಡದ ಓಣಿಗಳಲ್ಲಿ ಹಳೇ ಹುಣಸೆಯಲ್ಲೋ ಬೇವಿನಲ್ಲೋ ಒಂದು ಪೊಟರೆ ಕಂಡರೆ ಸಾಕು, ಯಾರಾದರೂ ಹೇಳಿಯೇ ಹೇಳುತ್ತಾರೆ: "ಒಳಗ ಪೊಳ್ಳಾಗೇತ್ರೀ, ಬೀಳೂದಕ್ಕಿಂತ ಮೊದಲ ಕಡಸ್ರೀ." ಭಯ ಸುಳ್ಳಲ್ಲ. ಸವಣೂರಿನ ಮೂರು ದೊಡ್ಡಹುಣಸೆ (ಬಾವೊಬಾಬ್, ನಮ್ಮ ಹುಣಸೆಯಲ್ಲ) ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬಿತ್ತಲ್ವಾ, ಆ ಸುದ್ದಿ ಕೇಳಿ ನನಗೂ ಸಂಕಟವಾಗಿತ್ತು.

ಆದರೆ ಬೊಡ್ಡೆಯ ನಡುವಿನ ತಿರುಳು ಹೆಚ್ಚುಕಡಿಮೆ ಸತ್ತ ಕಟ್ಟಿಗೆಯೇ. ಬೇರಿನಿಂದ ನೀರು ಮೇಲೇರುವುದು ಹೊರಗಿನ ಪದರದಲ್ಲಿ, ಅದಕ್ಕೇ ಪೊಳ್ಳು ಹುಣಸೆಯೂ ವರ್ಷ ವರ್ಷ ಕಾಯಿ ಬಿಡುತ್ತದೆ. ಕೇಳಬೇಕಾದ್ದು ಉಳಿದ ಗೋಡೆ ಎಷ್ಟು ದಪ್ಪ ಇದೆ ಅಂತ. ಮರ ಪರೀಕ್ಷಿಸುವವರು ಬಳಸುವ ಒಂದು ಅಂದಾಜಿದೆ: ಒಂದು ಮೀಟರ್ ಅಡ್ಡಳತೆಯ ಬೊಡ್ಡೆಗೆ ಸುತ್ತಲೂ 15 ಸೆಂ.ಮೀ. ಗಟ್ಟಿ ಕಟ್ಟಿಗೆ ಬೇಕು. ಪೊಟರೆ ಒಂದು ಕಡೆ ಬಾಯಿ ತೆರೆದಿದ್ದರೆ ಈ ಲೆಕ್ಕ ಸಾಲದು. ಮೊದಲು ಮರದ ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತಾರೆ, ಅನುಮಾನ ಬಂದರೆ ರೆಸಿಸ್ಟೋಗ್ರಾಫ್ ಅನ್ನೋ ಯಂತ್ರದ ತೆಳು ಸೂಜಿ ಒಳಗೆ ಹೋಗುವಾಗ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಅಂತ ಗೆರೆ ಬರೆದು ತೋರಿಸುತ್ತದೆ. (ದೊಡ್ಡಹುಣಸೆಗೆ ಈ ಲೆಕ್ಕ ಹಾಗೇ ಹಚ್ಚಲು ಬರೋದಿಲ್ಲ. ಅದರ ಕಟ್ಟಿಗೆ ಮೆದು, ತುಂಬಾ ನೀರು ಹಿಡಿಯುವಂಥದ್ದು.)

ನನಗೆ ಜಾಸ್ತಿ ಚಿಂತೆ ಬುಡದ್ದು. ಮೇಲೆ ಎಲೆ ಹಸಿರಾಗಿದ್ದರೂ ಕೆಳಗೆ ಬೇರು ಕೊಳೆತಿರಬಹುದು. ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಣಬೆ ಎದ್ದಿದೆಯಾ, ಒಂದು ಮಗ್ಗುಲಿಗೆ ಮಣ್ಣು ಬಿರುಕು ಬಿಟ್ಟು ಮೇಲೆದ್ದಿದೆಯಾ, ಮರ ಈಚೆಗೆ ವಾಲಿದೆಯಾ, ಇವನ್ನು ನೋಡಿ. ಗಟಾರ ತೋಡುವಾಗ ಬೇರು ಕಡಿಯುತ್ತೇವೆ, ಬೊಡ್ಡೆಗೆ ತಾಗುವಂತೆ ಕಾಂಕ್ರೀಟ್ ಸುರಿಯುತ್ತೇವೆ, ಆಮೇಲೆ ಮರ ಬಿದ್ದರೆ ವಯಸ್ಸಾಗಿತ್ತು ಅನ್ನುತ್ತೇವೆ. ಪೊಟರೆಗೆ ಸಿಮೆಂಟ್ ತುಂಬುವುದೂ ಬೇಡ. ಮರ ಗಾಳಿಗೆ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ನಡುವಿನ ಸಂದಿಯಲ್ಲಿ ನೀರು ನಿಂತು ಕೊಳೆ ಹೆಚ್ಚುತ್ತದೆ.

ಊರೊಳಗೆ ಬಹಳಷ್ಟು ಜಾತಿಯ ಮರಗಳನ್ನು, ನಿಮ್ಮದೇ ಹಿತ್ತಲಿನದಾದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಅರ್ಜಿ ಕೊಡುವಾಗ ಕಡಿಯಿರಿ ಅಂತ ಬರೆಯುವ ಬದಲು ಪರೀಕ್ಷೆ ಮಾಡಿಸಿ ಅಂತ ಬರೆಯಿರಿ. ಎಷ್ಟೋ ಸಲ ಮಳೆಗಾಲಕ್ಕೆ ಮುಂಚೆ ಭಾರದ ಟೊಂಗೆಗಳನ್ನು ತಿಳಿದವರಿಂದ ಇಳಿಸಿ, ಕೆಳಗಿನ ಚಹಾದಂಗಡಿಯನ್ನೋ ಆಟೋ ಸ್ಟ್ಯಾಂಡನ್ನೋ ಆಚೆ ಸರಿಸಿದರೆ ಮರವನ್ನು ಉಳಿಸಿಕೊಳ್ಳಬಹುದು.